ಕವಿತೆ ಬಾರದ ಹುಡುಗ ಮತ್ತು ಜೇಡ್ ಕಲ್ಲಿನ ಬೆಟ್ಟ



ಅಮೆರಿಕದ ಮಿನ್ನಿಯಾಪೊಲಿಸ್ ನಗರದ ಕಲಾ ಸಂಗ್ರಹಾಲಯದಲ್ಲಿ ಒಂದು ಬೆಟ್ಟವಿದೆ. ಒಂದೇ ಜೇಡ್ ಕಲ್ಲಿನಲ್ಲಿ ಕೊರೆದ ಬೆಟ್ಟ. ತೂಕ ಸುಮಾರು 290 ಕಿಲೋ. ಬಂಡೆ, ಮರ, ತೊರೆ, ಮಂಟಪಗಳ ನಡುವೆ ವಿದ್ವಾಂಸರು ಕುಳಿತಿದ್ದಾರೆ. ಚೀನಾದ ಚಕ್ರವರ್ತಿ ಚಿಯೆನ್‌ಲುಂಗ್ 1790ರಲ್ಲಿ ಇದನ್ನು ಮಾಡಿಸಿದನು. 1759ರಲ್ಲಿ ಶಿನ್‌ಜಿಯಾಂಗ್ ಪ್ರದೇಶ ಅವನ ವಶವಾದ ಮೇಲೆ ಅಲ್ಲಿಂದ ದೊಡ್ಡ ದೊಡ್ಡ ಜೇಡ್ ಬಂಡೆಗಳು ಬರತೊಡಗಿದ್ದವು.

ಕೆತ್ತನೆ ಎಂದೊಡನೆ ನಮಗೆ ಉಳಿ, ಸುತ್ತಿಗೆ ನೆನಪಾಗುತ್ತವೆ. ಆದರೆ ಜೇಡ್ ಉಳಿಗೆ ಬಗ್ಗುವ ಕಲ್ಲಲ್ಲ. ಗಟ್ಟಿ ಮರಳಿನ ಪುಡಿಯನ್ನು ನೀರಿನಲ್ಲಿ ಕಲಸಿ, ತಿರುಗುವ ಚಕ್ರದಿಂದ ಉಜ್ಜಿ ಉಜ್ಜಿ ಸವೆಸಬೇಕು. ಅಷ್ಟು ತಾಳ್ಮೆಯ ಕೆಲಸ ಅದು.

ಕಲ್ಲಿನಲ್ಲಿರುವ ಕಥೆ ಇನ್ನೂ ಹಳೆಯದು. ಕ್ರಿ.ಶ. 353ರ ವಸಂತಕಾಲದಲ್ಲಿ, ಈಗಿನ ಶಾವೊಶಿಂಗ್ ನಗರದ ಬಳಿ, ಲಾನ್‌ಟಿಂಗ್ ಎಂಬಲ್ಲಿ ಲಿಪಿಕಾರ ವಾಂಗ್ ಶಿಜಿ ಗೆಳೆಯರನ್ನು, ಬಂಧುಗಳನ್ನು ಕೂಡಿಸಿದ್ದನು. ತೊರೆಯಲ್ಲಿ ಮದ್ಯದ ಬಟ್ಟಲು ತೇಲಿಬಿಡುವುದು, ಅದು ಯಾರ ಮುಂದೆ ನಿಂತಿತೋ ಅವರು ಕವಿತೆ ಕಟ್ಟುವುದು, ಆಗದಿದ್ದರೆ ದಂಡವಾಗಿ ಕುಡಿಯುವುದು ಅಂದಿನ ಆಟ. ಸೇರಿದ್ದ 42 ಮಂದಿಯಲ್ಲಿ 26 ಜನ 37 ಕವಿತೆ ಕಟ್ಟಿದರೆಂದೂ ಉಳಿದ 16 ಜನರಿಗೆ ಒಂದೂ ಬರಲಿಲ್ಲವೆಂದೂ ಹೇಳುತ್ತಾರೆ. ಆ ಕವಿತೆಗಳಿಗೆ ವಾಂಗ್ ಶಿಜಿ ಬರೆದ 324 ಅಕ್ಷರಗಳ ಮುನ್ನುಡಿ ಚೀನಾದ ಅತ್ಯಂತ ಪ್ರಸಿದ್ಧ ಕೈಬರಹವಾಯಿತು. ಮೂಲಪ್ರತಿ ಉಳಿದಿಲ್ಲ. ನಕಲುಗಳನ್ನು ನೋಡಿಯೇ ಶತಮಾನಗಳ ಕಾಲ ಮಕ್ಕಳು ಅಕ್ಷರ ತಿದ್ದಿದರು. ಚಿಯೆನ್‌ಲುಂಗ್ ಆ ಮುನ್ನುಡಿಯನ್ನೂ ತನ್ನದೊಂದು ಕವಿತೆಯನ್ನೂ ಈ ಜೇಡ್ ಬೆಟ್ಟದ ಮೇಲೆ ಕೊರೆಸಿದನು.

ಕವಿತೆ ಬಾರದ ಆ 16 ಜನರಲ್ಲಿ ಒಬ್ಬ ವಾಂಗ್ ಶಿಜಿಯ ಕಿರಿಯ ಮಗ, ವಾಂಗ್ ಶಿಯಾನ್‌ಜಿ. ಆಗ ಅವನಿಗೆ ಸುಮಾರು ಒಂಬತ್ತು ವರ್ಷ, ನಮ್ಮ ನಾಲ್ಕನೆಯ ತರಗತಿಯ ಹುಡುಗನ ವಯಸ್ಸು. ಅಪ್ಪನ ಎದುರಿಗೆ, ಅಷ್ಟೊಂದು ದೊಡ್ಡವರ ನಡುವೆ ಅವನಿಗೆ ಒಂದು ಸಾಲೂ ಹೊಳೆಯಲಿಲ್ಲ. ಮುಂದೆ ಅವನೇ ಅಪ್ಪನಿಗೆ ಸರಿಸಾಟಿಯಾದ ಲಿಪಿಕಾರನಾದನು. ಚೀನಾದಲ್ಲಿ ಇಂದಿಗೂ ಅಪ್ಪ ಮಗನನ್ನು ಒಟ್ಟಾಗಿ 'ಇಬ್ಬರು ವಾಂಗರು' ಎಂದೇ ಕರೆಯುತ್ತಾರೆ.

ಉತ್ತರ ಬಾರದೆ ಎದ್ದು ನಿಂತ ಮಗುವನ್ನು ನಾವು ಎಷ್ಟು ಬೇಗ ದಡ್ಡ ಎಂದುಬಿಡುತ್ತೇವೆ! ನಾವೂ ಹಾಗೆ ಅಂದವರೇ, ಅಂದು ಆಮೇಲೆ ನೊಂದವರೇ. ಒಂದು ಮಧ್ಯಾಹ್ನ ಕವಿತೆ ಬಾರದಿದ್ದರೆ ಆ ಹುಡುಗನ ಕಥೆ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಮಕ್ಕಳದೂ ಮುಗಿಯುವುದಿಲ್ಲ.