ಯಾವ ದಿನದ ಮುಖ?

1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝಿನ್’ ಒಬ್ಬ ಭಾರತೀಯನ ಚಿತ್ರವನ್ನು ಅಚ್ಚು ಹಾಕಿತು. ಆತನ ಹೆಸರು ಕಾವಸ್‌ಜೀ, ಬ್ರಿಟಿಷ್ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಬಳಿ ಸ್ಥಳೀಯ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಚಿತ್ರ ಬರೆದದ್ದು ಅದಾಗಿ ಹತ್ತು ತಿಂಗಳ ಮೇಲೆ. ಲಂಡನ್ನಿನ ಓದುಗರು ಕಂಡದ್ದು ಮಾಗಿದ ಮುಖವನ್ನು. ಬಾವು ಬಂದಿದ್ದ ದಿನಗಳು ಅದರಲ್ಲಿರಲಿಲ್ಲ. 1814ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಅದೇ ಕ್ರಮದಿಂದ ಒಬ್ಬ ಸೇನಾಧಿಕಾರಿಗೆ ಮೂಗು ಕಟ್ಟಿದರು.

ನಡುವಿನ ದಿನಗಳ ಮುಖವನ್ನು ಒಂದೊಂದಾಗಿ ದಾಖಲಿಸಿದ್ದು ಕ್ಯಾಮೆರಾ. 1917ರಲ್ಲಿ ಲಂಡನ್ ಸಮೀಪದ ಸಿಡ್‌ಕಪ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಮುಖಕ್ಕೆ ಪೆಟ್ಟಾದವರಿಗೆಂದೇ ಕ್ವೀನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ ಸುಮಾರು 5,000 ಸೈನಿಕರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಆದರೆ ಶಸ್ತ್ರವೈದ್ಯ ಹೆರಾಲ್ಡ್ ಗಿಲ್ಲೀಸ್ ಪ್ರತಿ ಹಂತದಲ್ಲೂ ಫೋಟೊ ತೆಗೆಸುತ್ತಿದ್ದರು. ಶಸ್ತ್ರವೈದ್ಯರಾಗಿ ತರಬೇತಿ ಪಡೆದಿದ್ದ ಕಲಾವಿದ ಹೆನ್ರಿ ಟಾಂಕ್ಸ್, ಕಪ್ಪುಬಿಳುಪು ಫೋಟೊ ಹಿಡಿಯಲಾರದ ಬಣ್ಣವನ್ನು ಪೇಸ್ಟೆಲ್‌ನಲ್ಲಿ ಹಿಡಿದರು.

ನಾವಿಕ ವಿಲ್ಲಿ ವಿಕರೇಜ್ 1916ರ ಜಟ್‌ಲ್ಯಾಂಡ್ ಕದನದಲ್ಲಿ ಮುಖ ಸುಟ್ಟುಕೊಂಡಿದ್ದ. ಮರುವರ್ಷ ಅಕ್ಟೋಬರಿನಲ್ಲಿ ಅವನ ಎದೆಯ ಚರ್ಮವನ್ನು ಎತ್ತುವಾಗ, ಪಟ್ಟಿಯ ಅಂಚುಗಳು ಒಳಕ್ಕೆ ಸುರುಳಿಯಾಗುವುದನ್ನು ಗಿಲ್ಲೀಸ್ ಗಮನಿಸಿದರು. ಅಂಚುಗಳನ್ನು ಸೇರಿಸಿ ಹೊಲಿದರು, ಪಟ್ಟಿ ಕೊಳವೆಯಾಯಿತು. ಒಳಗೆ ರಕ್ತ ಹರಿಯುತ್ತಿತ್ತು, ಸೋಂಕಿನ ಭಯ ಕಡಿಮೆಯಾಯಿತು. ಹೊಸ ಚರ್ಮ ಮುಖದಲ್ಲಿ ಬೇರೂರುವ ತನಕ ಆ ಕೊಳವೆಗಳು ಎದೆಗೂ ಮುಖಕ್ಕೂ ನಡುವೆ ತೂಗುತ್ತಲೇ ಇರಬೇಕು.

ಆ ಹಂತದ ಫೋಟೊವನ್ನು ಬಿಡಿಯಾಗಿ ನೋಡಿದವರಿಗೆ ಮುಖ ಇನ್ನಷ್ಟು ಕೆಟ್ಟಿದೆ ಎಂದೇ ತೋರುತ್ತದೆ. ವೈದ್ಯರ ಕಣ್ಣಿಗೆ ಮಾತ್ರ ಅದು ಚರ್ಮ ಬದುಕಿದೆ ಎಂಬುದಕ್ಕೆ ಸಾಕ್ಷಿ. ಅವರು ಅದನ್ನು ಹಿಂದಿನ ಫೋಟೊದ ಪಕ್ಕದಲ್ಲಿಟ್ಟು ಓದುತ್ತಿದ್ದರು, ಮುಂದಿನದನ್ನೂ ಬಲ್ಲವರಾಗಿದ್ದರು. ಹಾಸಿಗೆಯಲ್ಲಿದ್ದವನಿಗೆ ಆ ಸಾಲು ಇರಲಿಲ್ಲ. ಕಿಟಕಿಯ ಗಾಜಿನಲ್ಲೋ ನೀರಿನಲ್ಲೋ ಕಂಡ ಇಂದಿನ ಮುಖವಷ್ಟೇ ಅವನಿಗೆ ಸಿಗುತ್ತಿತ್ತು, ಅದನ್ನೇ ಕೊನೆಯದೆಂದು ನಂಬುವುದು ಸುಲಭವಾಗಿತ್ತು. ಕನ್ನಡಿ ತೆಗೆದದ್ದರಿಂದ ಆ ಭಯ ಹೋಗಲಿಲ್ಲ.

1920ರಲ್ಲಿ ಗಿಲ್ಲೀಸ್ ತಮ್ಮ ‘ಪ್ಲಾಸ್ಟಿಕ್ ಸರ್ಜರಿ ಆಫ್ ದ ಫೇಸ್’ ಪುಸ್ತಕದಲ್ಲಿ ಇಂಥ ಫೋಟೊಗಳನ್ನು ಸಾಲಾಗಿ ಜೋಡಿಸಿದರು. ಹಾಸಿಗೆಯಲ್ಲಿದ್ದವನಿಗೆ ಬೇಕಾಗಿದ್ದದ್ದೂ ಆ ಸಾಲೇ.