ನಾದಕ್ಕೆ ನೆಲೆ ಮಾಡಿದವರು

ಗಾಯಕನ ಕಂಠವು ಅವನೊಡನೆಯೇ ಅಡಗಿಹೋಗುವುದೆಂದು ನಾವು ಮರುಗುವುದುಂಟು. ಮೂವರು ಕಲಾವಿದರ ಚರಿತ್ರೆಯನ್ನು ನೆನೆದರೆ ಈ ಮರುಕವು ತುಸು ಕಡಮೆಯಾದೀತು.

ನಂದಳಿಕೆಯಲ್ಲಿ 1866ರಲ್ಲಿ ಜನಿಸಿದ ಬಿಡಾರಂ ಕೃಷ್ಣಪ್ಪನವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿದುದಲ್ಲದೆ, ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. 1931ರಲ್ಲಿ ಅವರು ಕಾಲವಾದ ಮೇಲೂ ಅಲ್ಲಿ ಸಂಗೀತವು ನಿಲ್ಲಲಿಲ್ಲ.

ಅವರ ಶಿಷ್ಯರಾದ ಚೌಡಯ್ಯನವರು (1895–1967) ದೊಡ್ಡ ಸಭೆಯ ಕಡೆಯ ಸಾಲಿಗೂ ನಾದವು ಮುಟ್ಟಬೇಕೆಂದು ಪಿಟೀಲಿನ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿದರು.

ಮೂರನೆಯವರು ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು. ತಮ್ಮ ಗಳಿಕೆಯನ್ನು ವಿನಿಯೋಗಿಸಿ ಆಕೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿಯನ್ನು ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೂ ಆರಾಧನೆಯಲ್ಲಿ ಸ್ತ್ರೀಯರು ಹಾಡುವಂತಿರಲಿಲ್ಲ! ಆಕೆ ಸ್ತ್ರೀಯರದೇ ಗೋಷ್ಠಿಯನ್ನು ಕೂಡಿಸಿ ಹಾಡಿದರು. ತರುವಾಯ ಬಾಗಿಲು ಎಲ್ಲರಿಗೂ ತೆರೆಯಿತು. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿಯೂ ಅಲ್ಲಿಯೇ ಇದೆ.

ಇಂಥವರ ಋಣವು ಬರಿಯ ಚಪ್ಪಾಳೆಯಿಂದ ತೀರುವುದಲ್ಲ. ಹಾಡುವವರಿಗೂ ಕೇಳುವವರಿಗೂ ಎಡೆಯಿಲ್ಲದ ಕಡೆಯಲ್ಲಿ ಎಡೆಮಾಡಿಕೊಡುವುದು ನಮ್ಮ ಪಾಲಿಗೆ ಉಳಿದ ಕೆಲಸ.