ತಾಯ ಕುಲದ ಸಿಂಹಾಸನ: ನಗಿರೆ–ಹಾಡುವಳ್ಳಿ ಅರಸುಮನೆತನಗಳ ಉತ್ತರಾಧಿಕಾರದ ಅಧ್ಯಯನ

ಹೊನ್ನಾವರದ ಮೇಲ್ಗಡೆ ಶರಾವತಿಯ ದಡದಲ್ಲಿರುವ ಗೇರುಸೊಪ್ಪೆಯಿಂದ ನಗಿರೆ ರಾಜ್ಯವನ್ನೂ, ಭಟ್ಕಳದ ಸಮೀಪದ ಸಂಗೀತಪುರವೆನಿಸಿದ ಹಾಡುವಳ್ಳಿಯಿಂದ ಅದರ ಸುತ್ತಣ ಸೀಮೆಯನ್ನೂ ಆಳಿದ ಸಾಳುವ ಕುಲದ ಜೈನ ಅರಸರು ವಿಜಯನಗರದ ಅಧೀನದಲ್ಲಿ ಮೆಣಸಿನ ವ್ಯಾಪಾರದಿಂದ ಸಂಪನ್ನರಾಗಿ, ಬಸದಿಗಳನ್ನು ಎತ್ತಿಸಿ, ವಿದ್ವಾಂಸರನ್ನು ಪೋಷಿಸಿ ಕೀರ್ತಿಶಾಲಿಗಳಾದರು. ಆದರೆ ಅವರ ಪಟ್ಟವು ಯಾರಿಂದ ಯಾರಿಗೆ, ಯಾವ ನ್ಯಾಯದಿಂದ ಸಂದಿತೆಂಬ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವು ಬಹುಕಾಲ ದೊರೆಯಲಿಲ್ಲ.

ಮೊದಲು ಬರೆದಿಟ್ಟವರು ಪರದೇಶೀಯರು. ಕಪ್ಪದ ವಿಷಯದಲ್ಲಿ ಕಲಹವೆದ್ದು 1542ರಲ್ಲಿ ಮಾರ್ತಿಂ ಅಫೊನ್ಸೊ ದ ಸೋಜನು ಭಟ್ಕಳವನ್ನು ಸೂರೆಗೊಂಡಾಗ ಪೋರ್ಚುಗೀಸರ ಎದುರಾಳಿಯಾಗಿದ್ದವಳು ಒಬ್ಬ ರಾಣಿ. 1569ರಲ್ಲಿ ಲೂಯಿಸ್ ದ ಅತಾಯಿದನು ಹೊನ್ನಾವರವನ್ನು ಹಿಡಿದಾಗಲೂ ಅಂತೆಯೇ. ಗೇರುಸೊಪ್ಪೆಯ ರಾಣಿಗೆ ‘ಮೆಣಸಿನ ರಾಣಿ’ ಎಂಬ ಬಿರುದನ್ನಿತ್ತ ಆ ಜನ, ಆಕೆ ಸಿಂಹಾಸನವೇರಿದ ಕ್ರಮವನ್ನು ವಿಚಾರಿಸಲಿಲ್ಲ. 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಹೊಳೆಯೇರಿ ಬಂದ ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲೆ, ಕಾಡು ಮುಸುಕಿದ ರಾಜಧಾನಿಯನ್ನು ಕಂಡು, ರಾಜ್ಯದ ಪತನಕ್ಕೆ ರಾಣಿಯು ಅನ್ಯನೊಬ್ಬನಲ್ಲಿ ಇಟ್ಟ ಅನುರಾಗವೇ ಕಾರಣವೆಂಬ ಜನವದಂತಿಯನ್ನು ಬರೆದುಕೊಂಡನು.

1801ರಲ್ಲಿ ಈ ಸೀಮೆಯನ್ನು ಸಂಚರಿಸಿದ ಬುಕಾನನ್ನನೂ, 1883ರಲ್ಲಿ ಪ್ರಕಟವಾದ ಮುಂಬಯಿ ಗೆಝೆಟಿಯರಿನ ಕರ್ತೃಗಳೂ ಸ್ಥಳೀಯ ಐತಿಹ್ಯವನ್ನು ಶ್ರದ್ಧೆಯಿಂದ ಸಂಗ್ರಹಿಸಿದರು; ಇಲ್ಲಿನ ಒಡೆತನವು ಪ್ರಾಯಶಃ ಹೆಂಗಸರದೇ ಆಗಿತ್ತೆಂಬ ಮಾತು ಅಲ್ಲಿಂದ ಬೇರೂರಿತು. ಕೆನರಾ ಜಿಲ್ಲೆಯು ಇಬ್ಭಾಗವಾಗಿ 1862ರಲ್ಲಿ ಉತ್ತರವು ಮುಂಬಯಿಗೆ ಸೇರಿದುದೂ ಅರಿವಿಗೆ ಅಡ್ಡಿಯಾಯಿತೆಂದು ನನ್ನ ಭಾವನೆ. ಏಕೆಂದರೆ ತಾಯ ಕುಲದಿಂದ ಹಕ್ಕು ಸಾಗುವ ಅಳಿಯಸಂತಾನದ ವ್ಯಾಜ್ಯಗಳು ನ್ಯಾಯಾಲಯದಲ್ಲಿ ಇತ್ಯರ್ಥವಾಗುತ್ತಿದ್ದುದು ಮದರಾಸಿನ ಆಡಳಿತದಲ್ಲಿ ಉಳಿದ ದಕ್ಷಿಣದಲ್ಲಿ.

ನಿಜವಾದ ತಿರುವು ಶಾಸನಗಳಿಂದ ಬಂದಿತು. 1904ರಲ್ಲಿ ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಹೊರತಂದ ಹುಂಚದ ಶಾಸನವು, ಜೈನ ವಿದ್ವಾಂಸ ವಾದಿ ವಿದ್ಯಾನಂದನು ವಾದಗೈದ ಆಸ್ಥಾನಗಳನ್ನು ಎಣಿಸುವಾಗ, ಸಾಳುವ ಕೃಷ್ಣದೇವನನ್ನು ದೇವರಾಯನ ಸಹೋದರಿ ಪದ್ಮಾಂಬೆಯ ಮಗನೆಂದು ಪರಿಚಯಿಸುತ್ತದೆ: ಮಾವ, ಆತನ ಸೋದರಿ, ಆಕೆಯ ಮಗ ಎಂಬ ಈ ಮೂರು ಹೆಸರುಗಳ ಸರಪಣಿಯಲ್ಲಿಯೇ ಉತ್ತರಾಧಿಕಾರದ ಸೂತ್ರವಡಗಿದೆ. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಕಾರ್ಕಳದ 1586ರ ಚತುರ್ಮುಖ ಬಸದಿಯ ಶಾಸನವೂ ಇಮ್ಮಡಿ ಭೈರವನನ್ನು ಹಿಂದಿನ ಭೈರವನ ಸೋದರಿ ಗುಮ್ಮಟಾಂಬೆಯ ಮಗನೆಂದೇ ಹೇಳುವುದರಿಂದ, ಈ ಪದ್ಧತಿಯು ನೆರೆಯ ಜೈನ ಮನೆತನಗಳಿಗೂ ಸಾಮಾನ್ಯವಾಗಿತ್ತೆಂಬುದು ಸ್ಥಿರಪಟ್ಟಿತು. ಹಾಡುವಳ್ಳಿಯ ಸಾಳುವೇಂದ್ರನನ್ನು ಸಂಗಿರಾಜನ ಮಗನೆನ್ನುವ ಸಾಗರ ಸೀಮೆಯ ಹದಿನೈದನೆಯ ಶತಮಾನದ ಶಾಸನವಾದರೋ ತಂದೆಯ ಹೆಸರನ್ನೂ ಗೌರವಿಸುತ್ತದೆ. ಆದುದರಿಂದ ಪಿತೃನಾಮವನ್ನು ಕಂಡೊಡನೆಯೇ ಪಿತೃಕ್ರಮವನ್ನು ಊಹಿಸುವುದು ದುಡುಕಾದೀತು.

ಈ ಸಾಮಗ್ರಿಯನ್ನು ಭಾಸ್ಕರ ಆನಂದ ಸಾಲೆತ್ತೂರರು ತುಳುವ ಚರಿತ್ರೆಯಲ್ಲಿಯೂ (1936) ಮಧ್ಯಯುಗದ ಜೈನಧರ್ಮವನ್ನು ಕುರಿತ ಗ್ರಂಥದಲ್ಲಿಯೂ (1938) ಕಾಲಾನುಕ್ರಮಕ್ಕೆ ತಂದರು, ಮುಂದೆ ಕೆ. ವಿ. ರಮೇಶ್, ಪಿ. ಗುರುರಾಜ ಭಟ್, ಸೂರ್ಯನಾಥ ಕಾಮತ್ ಮೊದಲಾದವರು ಕರಾವಳಿಯ ಚರಿತ್ರೆಯನ್ನು ವಿಸ್ತರಿಸಿದರು.

ಈ ಬೆಳಕಿನಲ್ಲಿ ನೋಡಿದರೆ, 1552ರಿಂದ 1606ರವರೆಗೆ ಐವತ್ತನಾಲ್ಕು ವರ್ಷ ಆಳಿದಳೆಂದು ಗಣಿಸಲ್ಪಟ್ಟ, ಕುಮಟೆಯ ಬಳಿಯ ಮಿರ್ಜಾನ್ ಕೋಟೆಯೊಡನೆ ಹೆಸರು ಬೆಸೆದುಕೊಂಡ ಆ ‘ಮೆಣಸಿನ ರಾಣಿ’ ಚೆನ್ನಭೈರಾದೇವಿಯು ಅಪವಾದವಲ್ಲ, ಆ ನಿಯಮದ್ದೇ ಫಲ. ಅರಸನಿಗೂ ಅರಸಿಗೂ ಪಟ್ಟದ ಹಕ್ಕು ಬರುತ್ತಿದ್ದುದು ಒಂದೇ ತಾಯ ಬಳ್ಳಿಯಿಂದ. ಕೆಳದಿಯ ವೆಂಕಟಪ್ಪನಾಯಕನು ಆಕೆಯನ್ನು ಸೋಲಿಸಿದಾಗ ಅಳಿದುದು ಕೇವಲ ಒಂದು ರಾಜ್ಯವಲ್ಲ. ಘಟ್ಟದ ಕೆಳಗಣ ಈ ಭಾಗದಲ್ಲಿ ಆ ನ್ಯಾಯವು ಆಳಿದ ಕೊನೆಯ ದೊಡ್ಡ ಸಿಂಹಾಸನ. ಇನ್ನು ಮುಂದಿನ ಸಂಶೋಧಕರು ಭಟ್ಕಳ, ಹಾಡುವಳ್ಳಿ, ಗೇರುಸೊಪ್ಪೆಗಳ ಶಾಸನಗಳಲ್ಲಿ ಬರುವ ತಾಯಂದಿರ, ಸೋದರಿಯರ ಹೆಸರುಗಳನ್ನೇ ಆಧಾರವಾಗಿಟ್ಟು ವಂಶಾವಳಿಯನ್ನು ಹೊಸದಾಗಿ ಹೆಣೆಯಬೇಕು. ರಾಣಿಯರ ಕಥೆಗಳು ಚರಿತ್ರೆಯಾಗುವುದು ಆ ದುಡಿಮೆಯಿಂದಲೇ.